ಶಾಂತಸಾಗರದ ಅಳಿಯ

ಭೂಗೋಳದ ಮೇಷ್ಟರನ್ನು ಜನ ಯಾವ ಧೈರ್ಯದ ಮೇಲೆ ನಂಬುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ವೈದ್ಯನಾದರೆ ನಾಡಿ ಹಿಡಿಯುತ್ತಾನೆ, ಬಡಗಿ ಮರ ಮುಟ್ಟಿ ನೋಡುತ್ತಾನೆ. ನಾನೋ, ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ಹೈಸ್ಕೂಲೊಂದರಲ್ಲಿ ನಿಂತು, ಪೆಸಿಫಿಕ್ ಎಂಬ ಶಾಂತಸಾಗರ ಭೂಮಿಯ ಸುಮಾರು ಮೂರನೇ ಒಂದು ಭಾಗವನ್ನು ಆವರಿಸಿದೆ, ಪ್ರಪಂಚದ ಖಂಡಗಳನ್ನೆಲ್ಲ ಅದರ ಮೇಲೆ ಹರಡಿದರೂ ಜಾಗ ಮಿಗುತ್ತದೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ನಾನು ಕಣ್ಣಾರೆ ಕಂಡಿದ್ದ ಅತಿ ದೊಡ್ಡ ನೀರೆಂದರೆ ಊರ ಪಕ್ಕದ ವಾಣಿವಿಲಾಸ ಸಾಗರ. ಹೆಸರಿನಲ್ಲಾದರೂ ಸಾಗರವಿದೆಯಲ್ಲ ಎಂಬುದೊಂದೇ ಸಮಾಧಾನ.

ಎಲ್ಲರೂ ನಂಬಿದರೂ ನಂಬದವರು ಒಬ್ಬರಿದ್ದರು, ನನ್ನ ಮಾವನವರು. ತುರುವನೂರಿನ ಕಡೆ ಕುರಿ, ಹೊಲ ಎರಡನ್ನೂ ನೋಡಿಕೊಂಡಿದ್ದವರು. ಕುರಿ ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡಿ ನೋಡಿ ಅಭ್ಯಾಸವಾಗಿ, ಮನುಷ್ಯರು ಮಾತಾಡುವಾಗಲೂ ಅವರ ದೃಷ್ಟಿ ಹಲ್ಲಿನ ಮೇಲೇ ಇರುತ್ತಿತ್ತು. ನನಗೆ ಹೆಣ್ಣು ಕೊಡುವ ಮೊದಲು ಅವರು ಹೇಳದೆ ಕೇಳದೆ ಶಾಲೆಗೆ ಬಂದು, ಮರೆಯಲ್ಲಿ ನಿಂತು ನನ್ನ ಪಾಠ ಕೇಳಿ ಹೋಗಿದ್ದರಂತೆ. "ನಿದ್ದೆ ಮಾಡ್ತಿರ್ಲಿಲ್ಲ, ನಿಂತ್ಕಂಡೇ ಇದ್ದ" ಎಂಬುದು ಅವರು ಮನೆಯಲ್ಲಿ ಕೊಟ್ಟ ವರದಿ. ಅಷ್ಟರ ಮೇಲೆ ನನ್ನ ಮದುವೆಯಾಯಿತು.

ಇಂಥವರ ಎರಡನೇ ಮಗಳು ರತ್ನಮ್ಮನಿಗೆ ಹೊಸದುರ್ಗದ ಕಡೆಯ ತಿಪ್ಪೇಸ್ವಾಮಿ ಎಂಬ ಹುಡುಗನ ಸಂಬಂಧ ಬಂತು. ಸರಕಿನ ಹಡಗಿನಲ್ಲಿ ಎಂಜಿನ್ ಕೆಲಸವಂತೆ. ಮಾವನವರು ಬೆಳಗಿನ ಬಸ್ಸಿಗೇ ನಮ್ಮ ಮನೆಗೆ ಬಂದರು.

"ಮೇಷ್ಟ್ರೆ, ಇಷ್ಟು ನೆಲ ಬಿದ್ದೈತೆ, ನೆಲ ಬಿಟ್ಟು ನೀರಿನ ಮ್ಯಾಲೆ ಯಾರು ಕೆಲಸ ಕೊಡ್ತಾರ್ರಿ? ಇದ್ರಾಗೆ ಏನೋ ಐತೆ. ನೀವು ಸಮುದ್ರದ ಪಾಠ ಮಾಡೋರು, ಕೇಳಿ ಹಿಡೀರಿ" ಎಂದರು.

ನಿಜ ಹೇಳಬೇಕೆಂದರೆ ಆ ಹುಡುಗನ ಮೇಲೆ ನನಗೂ ಅನುಮಾನ ಹುಟ್ಟಿತು. ನಿಜವಾಗಿ ಸಮುದ್ರ ಕಂಡವನೊಬ್ಬ ಮನೆಗೆ ಅಳಿಯನಾಗಿ ಬಂದರೆ ನನ್ನ ಗತಿ ಏನಾಗಬೇಕು? ಅವನು ಸುಳ್ಳುಗಾರನಾಗಿದ್ದರೇ ಎಲ್ಲರಿಗೂ ಕ್ಷೇಮ ಎನ್ನಿಸಿತು.

ಹೆಣ್ಣು ನೋಡುವ ಭಾನುವಾರ ತಿಪ್ಪೇಸ್ವಾಮಿ ಮಾವನವರ ಮನೆಯ ಕಂಬಳಿಯ ಮೇಲೆ ಮುದುಡಿ ಕುಳಿತಿದ್ದ. ಮುಂದೆ ಮಂಡಕ್ಕಿ ತಟ್ಟೆ. ಅವನು ಅದಕ್ಕೆ ಕೈ ಹಾಕುವ ಮೊದಲೇ, "ಪೆಸಿಫಿಕ್ಕಿನಲ್ಲಿ ಅತ್ಯಂತ ಆಳವಾದ ಜಾಗ ಯಾವುದು?" ಎಂದೆ.

"ಗೊತ್ತಿಲ್ಲ ಸಾರ್."

"ಮರಿಯಾನಾ ಕಂದಕ! ಎವರೆಸ್ಟ್ ಶಿಖರವನ್ನೇ ಇಳಿಬಿಟ್ಟರೂ ಮುಳುಗಿಹೋಗುತ್ತದೆ!"

"ಹೌದಾ ಸಾರ್? ಅಂಥದ್ರ ಮ್ಯಾಲೇ ಓಡಾಡಿದ್ನಾ ನಾನು?" ಎಂದು ಅವನು ಎದೆ ಮುಟ್ಟಿಕೊಂಡ.

"ಹೋಗಲಿ, ಅದಕ್ಕೆ ಶಾಂತಸಾಗರ ಅಂತ ಹೆಸರು ಯಾಕೆ ಬಂತು?"

"ಯಾರೋ ಗಾಳಿಯಿಲ್ದ ದಿನ ನೋಡಿ ಇಟ್ಟಿರ್ಬೇಕು ಸಾರ್. ನಾನಂತೂ ವಾಂತಿ ಮಾಡ್ಕಂಡೇ ದಾಟಿದೆ."

ಮಾವನವರು 'ಸಿಕ್ಕಿಬಿದ್ದ' ಎಂಬಂತೆ ನನ್ನತ್ತ ಕಣ್ಣು ಹಾಯಿಸಿದರು. ಹುಡುಗನಿಗೆ ತನ್ನ ಸಂಬಂಧ ಜಾರುತ್ತಿದೆ ಎಂಬುದು ತಿಳಿದುಹೋಯಿತು. ಉಳಿಸಿಕೊಳ್ಳಲು ಬೇರೇನಾದರೂ ಹೇಳಬೇಕೆಂದು, "ಒಂದು ತಮಾಷೆ ಐತೆ. ಜಪಾನಿನಿಂದ ಅಮೆರಿಕಕ್ಕೆ ಹೋಗುವಾಗ ಸೋಮವಾರ ಎರಡು ಸಲ ಬಂತು. ವಾಪಸ್ ಬರುವಾಗ ಶನಿವಾರ ಬರಲೇ ಇಲ್ಲ" ಎಂದುಬಿಟ್ಟ.

"ಶನಿವಾರ ಬರ್ಲಿಲ್ವಾ?" ಎಂದರು ಮಾವನವರು. "ಶನಿವಾರ ಒಪ್ಪೊತ್ತು ಇರೋರು ಏನ್ ಮಾಡ್ಬೇಕಪ್ಪಾ? ಮೇಷ್ಟ್ರೆ, ಇದು ಸುಳ್ಳು ತಾನೆ?"

ನನ್ನ ಪೀಕಲಾಟ ನೋಡಿ. ಸುಳ್ಳು ಎಂದರೆ ಹುಡುಗ ಬಸ್ಸು ಹತ್ತುತ್ತಾನೆ, ನನ್ನ ಗೌರವ ಉಳಿಯುತ್ತದೆ. ಆದರೆ ಪೆಸಿಫಿಕ್ಕಿನ ನಡುವೆ ದಿನರೇಖೆ ಹಾದುಹೋಗುವುದನ್ನು, ದಾಟಿದವರಿಗೆ ದಿನ ಕೂಡುವುದನ್ನು ಕಳೆಯುವುದನ್ನು ನಾನೇ ವರ್ಷವರ್ಷವೂ ಪಾಠ ಮಾಡುತ್ತಿದ್ದೆ. "ನಿಜ ಮಾವ" ಎಂದೆ, ಕಷ್ಟಪಟ್ಟು.

"ಇಬ್ರೂ ಮೊದ್ಲೇ ಮಾತಾಡ್ಕಂಡು ಬಂದೀರಾ?" ಎಂದು ಅವರು ನನ್ನ ಹಲ್ಲನ್ನೇ ನೋಡಿದರು. ನಾನು ಬಾಯಿ ಮುಚ್ಚಿದೆ. ತಿಪ್ಪೇಸ್ವಾಮಿ ಚಪ್ಪಲಿ ಎಲ್ಲಿದೆಯೆಂದು ಹುಡುಕತೊಡಗಿದ.

ಆಗ ಬಾಗಿಲ ಬಳಿ ನಿಂತಿದ್ದ ರತ್ನಮ್ಮ ಮೊದಲ ಸಲ ಮಾತಾಡಿದಳು. "ಅಷ್ಟು ನೀರಿನ ಮಧ್ಯೆ ಕುಡಿಯಾಕೆ ಏನ್ ಮಾಡ್ತೀರಿ? ಅದು ಉಪ್ಪಲ್ವಾ?"

ಹುಡುಗನ ಮುಖ ಅರಳಿತು. "ಎಂಜಿನ್ ಬಿಸಿಯಾಗೆ ಸಮುದ್ರದ ನೀರು ಕಾಯಿಸಿ, ಆವಿ ಹಿಡಿದು ಸಿಹಿನೀರು ಮಾಡ್ತೀವಿ. ಆ ಯಂತ್ರ ನೋಡ್ಕಳೋದೇ ನನ್ನ ಕೆಲಸ. ಅದು ಕೆಟ್ಟ ದಿನ ಹಡಗಿನಾಗಿರೋರೆಲ್ಲ ನನ್ನ ಮುಖಾನೇ ನೋಡ್ತಾರೆ."

"ಅಪ್ಪಾ, ನಂಗೆ ಒಪ್ಪಿಗೆ" ಎಂದಳು ರತ್ನಮ್ಮ.

"ಲೇ, ಎಲ್ಲಾ ಸುಳ್ಳಿದ್ರೆ?"

"ಸುಳ್ಳು ಹೇಳೋನು ಹೆಣ್ಣು ನೋಡಾಕೆ ಬಂದು ವಾಂತಿ ಮಾಡ್ಕಂಡೆ ಅಂತ ಹೇಳ್ತಾನೇನಪ್ಪ?"

ಮಾವನವರು ಮಂಡಕ್ಕಿ ತಟ್ಟೆಯನ್ನು ಹುಡುಗನ ಮುಂದಕ್ಕೆ ತಳ್ಳಿದರು. ಮುಂದಿನ ಬೇಸಿಗೆಯಲ್ಲಿ ಮದುವೆಯೂ ಆಯಿತು.

ಆಮೇಲೊಮ್ಮೆ ಅಳಿಯನನ್ನು ಹಡಗು ಹತ್ತಿಸಲು ಮಾವನವರು ಬೊಂಬಾಯಿಗೇ ಹೋದರು. ಹೀಗೆ ಮನೆಯಲ್ಲಿ ನನಗಿಂತ ಮೊದಲು ಸಮುದ್ರ ಕಂಡವರು ಇಬ್ಬರಾದರು. ಹಿಂತಿರುಗುವಾಗ ತಮ್ಮೂರಿಗೂ ಹೋಗದೆ ನೇರ ಹಿರಿಯೂರಿನಲ್ಲಿಳಿದು ನಮ್ಮ ಮನೆಗೆ ಬಂದು, "ಉಪ್ಪು ನಿಜ, ನಾಲಿಗೆಗೆ ಹಾಕ್ಕಂಡು ನೋಡ್ದೆ. ಆದ್ರೆ ಆಚೆ ದಡ ಕಾಣ್ಲಿಲ್ಲ" ಎಂದರು.

"ಅದು ಅರಬ್ಬೀ ಸಮುದ್ರ ಮಾವ, ಚಿಕ್ಕದು. ಪೆಸಿಫಿಕ್ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು" ಎಂದೆ.

"ಚಿಕ್ಕದ್ರ ದಡಾನೇ ಕಾಣ್ದಿದ್ರೆ, ದೊಡ್ಡದ್ರ ದಡ ನಿಮಗೆ ಹಿರಿಯೂರಾಗೆ ಕುಂತು ಹೆಂಗೆ ಕಾಣ್ತು?"

ಮಾರನೆಯ ದಿನ ತರಗತಿಯಲ್ಲಿ, ನಕ್ಷೆಯ ಮೇಲೆ ಜಪಾನಿನಿಂದ ಹೊರಟ ನನ್ನ ಬೆರಳು ಅಮೆರಿಕ ತಲುಪುವ ಮೊದಲು ನಡುನೀರಿನಲ್ಲಿ ನಿಂತುಬಿಟ್ಟಿತು. "ಆಚೆಗೆ ದಡವಿದೆ" ಎಂದೆ. ಮಕ್ಕಳು ಬರೆದುಕೊಂಡರು. ಆಮೇಲೆ, "ಅಂತ ಹೇಳುತ್ತಾರೆ" ಎಂದು ಸೇರಿಸಿದೆ.