ಒಂದು ಸಪ್ಪಳದ ಆಸೆ

ಕೆರೆಯ ಬಾತುಗಳು ಗದ್ದೆಗಿಳಿದು ನೆಟ್ಟ ಸಸಿಯನ್ನೆಲ್ಲ ತುಳಿದು ಮಲಗಿಸಿದ ವರ್ಷ ಸಣ್ಣಬೀರಪ್ಪ ಬಂದೂಕಿಗೆ ಅರ್ಜಿ ಹಾಕಿದ್ದ. ಬೆಳೆ ಕಾಯುವ ಬಂದೂಕಿನ ಪರವಾನಗಿ ಕೈಗೆ ಬರುವಷ್ಟರಲ್ಲಿ ಒಂಬತ್ತು ವರ್ಷ ಕಳೆದು, ಆ ಬಾತುಗಳ ಮೊಮ್ಮಕ್ಕಳೂ ಅದೇ ಗದ್ದೆಯ ದಾರಿ ಕಲಿತಿದ್ದವು.

ಅವನ ಆಸೆ ಬೆಳೆಗಿಂತ ಹಳೆಯದು. ಊರ ಗೌಡರ ಮನೆಯವರು ಕೆರೆಯಲ್ಲಿ ಬಾತು ಹೊಡೆಯುತ್ತಿದ್ದ ಕಾಲದಲ್ಲಿ ಎದೆಮಟ್ಟದ ನೀರಿಗಿಳಿದು ಸತ್ತ ಹಕ್ಕಿ ಹೆಕ್ಕಿ ತರುತ್ತಿದ್ದವನು ಅವನಪ್ಪ ಉಚ್ಚಂಗೆಪ್ಪ. ಆ ಕೆಲಸಕ್ಕೆಂದು ಗೌಡರ ಬಳಿ ನಾಯಿಯೂ ಇತ್ತು. ಚಳಿಯೆಂದು ಅದನ್ನು ನೀರಿಗೆ ಬಿಡುತ್ತಿರಲಿಲ್ಲ. ಬಂದೂಕು ಮುಟ್ಟಲು ನಾಯಿಗೂ ಅಪ್ಪಣೆಯಿರಲಿಲ್ಲ, ಅಪ್ಪನಿಗೂ ಇರಲಿಲ್ಲ. ಈಗ ಹಕ್ಕಿ ಕೊಲ್ಲಲು ಕಾನೂನು ಬಿಡುವುದಿಲ್ಲ, ಸಣ್ಣಬೀರಪ್ಪನಿಗೆ ಅದು ಬೇಕಾಗಿಯೂ ಇರಲಿಲ್ಲ. ಏರಿಯ ಮೇಲೆ ನಿಂತು ತನ್ನ ಕೈಯಾರೆ ಒಂದೇ ಒಂದು ಸಲ ಆಕಾಶಕ್ಕೆ ಹಾರಿಸಬೇಕು. ಸಪ್ಪಳ ಊರಿಗೆಲ್ಲ ಕೇಳಬೇಕು.

ಬಂದೂಕು ಕೊಳ್ಳಲೆಂದು ಕುಕ್ಕುವಾಡದ ಮಗ್ಗುಲ ತನ್ನ ಹಳ್ಳಿಯಿಂದ ಅವನು ಬಸ್ಸು ಹತ್ತುವಾಗಲೇ ಪಕ್ಕದ ಮನೆಯ ಹೊನ್ನಕ್ಕ ಉಪದೇಶ ಶುರುಮಾಡಿದ್ದಳು. ಎರಡು ನಳಿಗೆಯದನ್ನೇ ತರಬೇಕಂತೆ, ಒಂದು ಕೆಟ್ಟರೆ ಇನ್ನೊಂದಿರುತ್ತದಂತೆ. ದಾವಣಗೆರೆಯಲ್ಲಿ ಹೆಂಡತಿಯ ತಮ್ಮ ರಾಜಕುಮಾರ್ ಕಾದಿದ್ದ. ಅವನು ಹರಿಹರದಲ್ಲಿ ಬ್ಯಾಂಕ್ ಕಾವಲುಗಾರ. ಹನ್ನೆರಡು ವರ್ಷದಿಂದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು, ಒಮ್ಮೆಯೂ ಹಾರಿಸಿದವನಲ್ಲ. ಹಾಗಾಗಿ ಬಂದೂಕಿನ ವಿಷಯದಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಬಂದೂಕಿನ ಅಂಗಡಿಯಲ್ಲಿ ರಾಜಕುಮಾರ್ ಹೀರೇಕಾಯಿ ಆರಿಸುವವನಂತೆ ಒಂದೊಂದನ್ನೂ ತಿರುಗಿಸಿ ನೋಡಿದ. "ಭಾವ, ಜೋಡಿ ನಳಿಗೇದು ತಗಳ್ರಿ. ಹೆಗಲಿಗೆ ಹಾಕ್ಕಂಡು ಊರಾಗ ನಡದ್ರೆ ಒಂದು ತೂಕ ಇರ್ತೈತೆ."

ಅಂಗಡಿಯ ಮುದುಕ ಎದ್ದು ಬಂದ. "ಬಾತು ಎಬ್ಬಸಾಕ ಒಂಟಿ ನಳಿಗೆ ಸಾಕು. ಕಣ್ಣು ಮುಚ್ಚಿ ಭುಜಕ್ಕೆತ್ರಿ. ಕಣ್ಣು ಬಿಟ್ಟಾಗ ನಳಿಗೆ ನೆಟ್ಟಗಿದ್ರೆ ಅದು ನಿಮ್ದು."

ಸಣ್ಣಬೀರಪ್ಪ ಖಾಲಿ ಬಂದೂಕನ್ನೆತ್ತಿ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಕೆರೆಯಿತ್ತು, ಬೆಳಗಿನ ಮಂಜಿತ್ತು. ಬಂದೂಕಿನ ಹಿಡಿ ನಿದ್ದೆಹೋದ ಮಗುವಿನಂತೆ ಭುಜಕ್ಕೊರಗಿತು. ಕಣ್ಣು ಬಿಟ್ಟಾಗ ನಳಿಗೆ ನೆಟ್ಟಗೇ ಇತ್ತು, ರಾಜಕುಮಾರನ ಹೊಟ್ಟೆಗೆ. ಬ್ಯಾಂಕಿನ ಕಾವಲುಗಾರ ಕುರ್ಚಿಯ ಹಿಂದೆ ಕುಕ್ಕರಿಸಿದ.

"ಇದೇ ಇರ್ಲಿ," ಎಂದ ಸಣ್ಣಬೀರಪ್ಪ.

ಕೊಂಡ ಬಂದೂಕಿನ ನಂಬರನ್ನು ಊರಿಗೆ ಸೇರಿದ ಪೊಲೀಸ್ ಠಾಣೆಯಲ್ಲಿ ತೋರಿಸಬೇಕೆಂದು ರಾಜಕುಮಾರನೇ ಎಳೆದೊಯ್ದ. ಠಾಣೆಯ ಬರಹದ ಪೇದೆ ನಂಬರು ಬರೆದುಕೊಂಡು, ಬಂದೂಕು ಹಿಂದಿರುಗಿಸಲು ಕೈ ಚಾಚಿದ್ದ. ಅಷ್ಟರಲ್ಲಿ ಗೋಡೆಯ ಟೀವಿಯಲ್ಲಿ ಚುನಾವಣೆ ಘೋಷಣೆಯಾಯಿತು. ಚಾಚಿದ ಕೈ ಹಿಂದೆ ಹೋಯಿತು.

"ನೀತಿ ಸಂಹಿತೆ ಬಂತು ನೋಡ್ರಿ. ಇನ್ನು ಎಲ್ಲಾರೂ ಬಂದೂಕು ಠಾಣೆಗೆ ಒಪ್ಪಿಸ್ಬೇಕು. ನೀವೇ ಮೊದಲು ತಂದೀರಿ, ಪುಣ್ಯವಂತ್ರು."

ಇವತ್ತೊಂದು ಸಂಜೆ ಬಿಡಿ, ನಾಳೆ ಬೆಳಿಗ್ಗೆ ನಾನೇ ತಂದಿಡುತ್ತೇನೆ ಎಂದು ಸಣ್ಣಬೀರಪ್ಪ ಅಂಗಲಾಚಿದ. ಪೇದೆ ಆಗಲೇ ಬಂದೂಕಿನ ಕೊರಳಿಗೆ ಚೀಟಿ ಕಟ್ಟುತ್ತಿದ್ದ.

"ಹಂಗಾರೆ ಗೌಡ್ರದೂ ಇಡಸ್ಕಂತೀರೇನ್ರಿ?" ಎಂದ ಸಣ್ಣಬೀರಪ್ಪ.

"ಅವ್ರು ಚುನಾವಣೆ ಬರ್ತೈತಂತ ಹೋದ ತಿಂಗಳೇ ವಿನಾಯಿತಿಗೆ ಅರ್ಜಿ ಕೊಟ್ಟಾರೆ. ತೀರ್ಮಾನ ಆಗೋತನಕ ಅವ್ರತ್ರನೇ ಇರ್ತೈತೆ. ಪ್ರಾಣಭಯ ಐತಂತೆ."

"ಗೌಡ್ರಿಗೆ? ಯಾರಿಂದ?"

ಪೇದೆ ಗೌಡರ ಅರ್ಜಿ ತೆಗೆದು, ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಓದಿದ: "ಸಣ್ಣಬೀರಪ್ಪ ಬಿನ್ ಉಚ್ಚಂಗೆಪ್ಪ. ಸದರಿಯವನು ಬಂದೂಕು ಪಡೆಯಲಿದ್ದಾನೆ." ತಲೆಯೆತ್ತಿದ. "ನೀವೇ ಅಲ್ಲೇನ್ರಿ?"

ಗೌಡರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲವೆಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡೇ ಅವನನ್ನು ಕಳಿಸಿದರು.

ಹೊತ್ತು ಮುಳುಗುವಾಗ ಅವನು ಹೆಂಡತಿ ದ್ಯಾಮವ್ವನ ಜೊತೆ ತನ್ನ ಬದುವಿನ ಮೇಲೆ ಕೂತಿದ್ದ. ಗೌಡರ ಗದ್ದೆಯ ಕಡೆಯಿಂದ ಢಂ ಎಂದಿತು. ಊರಿಗೆಲ್ಲ ಕೇಳುವಂಥ ಸಪ್ಪಳ. ಅಲ್ಲಿ ಮೇಯುತ್ತಿದ್ದ ನೂರಾರು ಬಾತುಗಳು ಒಮ್ಮೆಲೇ ಎದ್ದು, ಆಕಾಶ ಕಪ್ಪಾಗುವಂತೆ ಒಂದು ಸುತ್ತು ಹಾಕಿ, ಸಾವಕಾಶ ಸಣ್ಣಬೀರಪ್ಪನ ಗದ್ದೆಗಿಳಿದವು.

ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ಒಂದು ಬಾತು ಕತ್ತೆತ್ತಿ ಅವನನ್ನು ನೋಡಿತು, ಮತ್ತೆ ಸಸಿಗೆ ಬಾಯಿ ಹಾಕಿತು.