ಗಿಣಿ ಬಾಯಿ ಬಡಿದುಕೊಂಡ ಉಗಾದಿ

ಮನೆಗೆ ಹೊಸಬರು ಬರುತ್ತಾರೆಂದರೆ ಮಕ್ಕಳನ್ನು ಕಣ್ಣು ಬಿಟ್ಟು ಸುಮ್ಮನಿರಿಸಬಹುದು. ಸಾಕಿದ ಪ್ರಾಣಿಗಳಿಗೆ ಯಾರು ಹೇಳಬೇಕು? ಬನಹಟ್ಟಿಯ ನಮ್ಮ ಮನೆಯಲ್ಲಿ ಒಂದು ಬೆಕ್ಕು, ಒಂದು ನಾಯಿ, ಒಂದು ಗಿಣಿ ಇದ್ದವು. ಇವು ಅಪ್ಪನ ಮಾನ ಕಳೆಯದ ಹಬ್ಬವೇ ಇರಲಿಲ್ಲ. ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಮಾತ್ರ ಅವ್ವನಿಗೆ ನಿಜವಾಗಿಯೂ ಭಯ ಹತ್ತಿತ್ತು. ಉಗಾದಿ ದಿನ ಅಕ್ಕನನ್ನು ನೋಡಲು ಮಹಾಲಿಂಗಪುರದಿಂದ ಗಂಡಿನವರು ಬರುವುದಿತ್ತು. ಅದಕ್ಕೂ ಮೊದಲು ಎರಡು ಸಂಬಂಧದವರು ಬಂದು, ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಸ್ತೇವ್ರಿ" ಎಂದು ಹೋದವರು ತಿಳಿಸಿರಲೇ ಇಲ್ಲ. ಅಕ್ಕ ಮುಖ ಸಣ್ಣದು ಮಾಡಿಕೊಂಡು ಓಡಾಡುವುದನ್ನು ನೋಡಿದರೆ ನನಗೂ ಸಂಕಟವಾಗುತ್ತಿತ್ತು.

ಬೆಕ್ಕು

ನಮ್ಮದು ನೇಕಾರರ ಮನೆ. ಪಡಸಾಲೆಯ ಗೋಡೆಯಾಚೆಗೇ ಕರೆಂಟಿನ ಮಗ್ಗಗಳು. ಆ ಖಟಖಟ ಸಪ್ಪಳದಲ್ಲೇ ಹುಟ್ಟಿದ ಬೆಕ್ಕಿಗೆ ಅದೇ ಜೋಗುಳ. ಮಗ್ಗ ನಡೆದಿದ್ದರೆ ಗಡದ್ದಾಗಿ ನಿದ್ದೆ. ನಿಂತರೆ ಎಚ್ಚರವಾಗಿ ಮನೆ ತುಂಬ ಅಳುತ್ತ ತಿರುಗುತ್ತಿತ್ತು.

ಹೋಳಿಗೂ ಮೊದಲು, ಮಹಾಲಿಂಗಪುರದ ಈ ಮೂರನೇ ಸಂಬಂಧ ತಂದ ಹಿರಿಯರು ಮಾತು ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. ಬೆಕ್ಕು ಎದ್ದು ಬಂದು ಅವರ ಕಾಲ ಮುಂದೆಯೇ ಕೂತು ಒಂದೇ ಸಮ ಒದರತೊಡಗಿತು. ಅವರು ಕರುಳಿದ್ದ ಮನುಷ್ಯ. ತಮ್ಮ ಚಹಾವನ್ನೇ ಕಪ್ಪಿನ ಕೆಳಗಿನ ಬಸಿಗೆ ಸುರಿದು ಮುಂದಿಟ್ಟರು. ಬೆಕ್ಕು ಮೂಸಿಯೂ ನೋಡಲಿಲ್ಲ.

"ಪಾಪ, ಭಾಳ ಹಸದೈತಿ. ಒಂದೀಟು ಹಾಲರ ಹಾಕ್ರಿ ಅದಕ್ಕ."

ಅಪ್ಪ ಸಂಕೋಚದಿಂದ ಹೇಳಿದ: "ಅದಕ್ಕ ಹಾಲು ಬ್ಯಾಡ್ರಿ, ಕರೆಂಟ್ ಬೇಕು."

ನಾಯಿ

ನಾಯಿಯನ್ನು ಅಪ್ಪ ಮುಧೋಳ ಜಾತಿಯದೆಂದು ಹೇಳಿಕೊಳ್ಳುತ್ತಿದ್ದ. ಅದು ಸಣಕಲಾಗಿತ್ತು ಎನ್ನುವುದೊಂದೇ ಅದಕ್ಕೆ ಆಧಾರ. ಹೋಳಿ ಹುಣ್ಣಿಮೆ ಬಂತೆಂದರೆ ಓಣಿಯ ಹುಡುಗರು ಮನೆಮನೆಗೆ ಹೋಗಿ ವಂತಿಗೆಯ ಪಟ್ಟಿ ಎತ್ತುವುದು, ಕಾಮಣ್ಣನನ್ನು ಸುಡಲು ಕಂಡವರ ಹಿತ್ತಲಿನಿಂದ ಕಟ್ಟಿಗೆ, ಕುಳ್ಳು ಕದಿಯುವುದು ಪದ್ಧತಿ. ಯಾರೂ ಸಿಟ್ಟಾಗುವಂತಿಲ್ಲ, ಕಾಮಣ್ಣನ ಪಾಲಾದದ್ದನ್ನು ತಿರುಗಿ ತರುವಂತಿಲ್ಲ. ಅಪ್ಪ ಕಟ್ಟಿಗೆ ಕಾಯಲು ನಾಯಿಯನ್ನು ಹಿತ್ತಲಲ್ಲಿ ಬಿಟ್ಟ.

ಕಟ್ಟಿಗೆ ಒಂದೂ ಹೋಗಲಿಲ್ಲ. ಆದರೆ ಹೋಳಿಗೆ ಮಾಡಲು ಕೂತ ಅವ್ವನಿಗೆ ಲಟ್ಟಣಿಗೆ ಸಿಗಲಿಲ್ಲ. ತವರಿನಿಂದ ತಂದ ಲಟ್ಟಣಿಗೆ ಅದು. ಅಪ್ಪ ಹುಡುಕುತ್ತ ಕಾಮಣ್ಣನ ಕಟ್ಟೆಗೆ ಹೋದರೆ, ರಾಶಿಯ ತುತ್ತತುದಿಯಲ್ಲಿ ಅದೇ ಲಟ್ಟಣಿಗೆ. ಪಕ್ಕದಲ್ಲಿ ಬಾಲ ಅಲ್ಲಾಡಿಸುತ್ತ ನಮ್ಮ ನಾಯಿ.

"ಯಾವನಲೇ ಇದನ್ನ ಕದ್ದಾಂವಾ?"

"ಯಾರೂ ಕದ್ದಿಲ್ರೀ ಕಾಕಾ. ನಿಮ್ಮ ನಾಯಿನ ಬಂದು ಪಟ್ಟಿ ಕೊಟ್ಟೈತಿ!"

ಗಿಣಿ

ಗಿಣಿ ಗಾಳಿಗೆ ಬೇವಿನ ಮರದಿಂದ ಬಿದ್ದಿದ್ದ ಮರಿ. ರೆಕ್ಕೆ ಮುರಿದು ಹಾರಲಾರದಾಗಿತ್ತು. ಅಕ್ಕನೇ ನೆನೆಸಿದ ಕಡಲೆಬೇಳೆ ತಿನ್ನಿಸಿ ಬದುಕಿಸಿದ್ದಳು. ಅವಳು ಏನು ಕಲಿಸಿದರೂ ಅದು ಕಲಿಯಲಿಲ್ಲ. ಹೋಳಿಯ ಹುಡುಗರು ಹಲಗಿ ಬಾರಿಸುತ್ತ, ಬಾಯಿ ಬಡಿದುಕೊಳ್ಳುತ್ತ ಕೂಗುವ "ಲಬೋ ಲಬೋ" ಮಾತ್ರ ಒಂದೇ ದಿನಕ್ಕೆ ಬಂದುಬಿಟ್ಟಿತು. ಮಗ್ಗದ ಸದ್ದಿನಲ್ಲಿ ತನ್ನ ದನಿ ಯಾರಿಗೂ ಕೇಳದೆಂದು ಅದಕ್ಕೆ ಗೊತ್ತಿತ್ತೋ ಏನೋ, ಸುಮ್ಮನಿರುತ್ತಿತ್ತು. ಕರೆಂಟ್ ಹೋಗಿ ಮಗ್ಗ ನಿಂತವೋ, ಶುರು.

ಹೋಳಿ ಮುಗಿದ ಮೇಲೆ ಮನೆಯೊಳಗಿಂದ ಅಂಥ ಕೂಗು ಬಂತೆಂದರೆ ಯಾರೋ ಸತ್ತರೆಂದೇ ಅರ್ಥ. ಮೊದಲ ಸಲ ಕೇಳಿದ ಬಾಜೂ ಮನೆಯವಳು ಬಾಯಿಗೆ ಸೆರಗು ಹಿಡಿದು ಓಡಿ ಬಂದಳು. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಬಂದವಳು ಆಯಿಯನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ನೀವಲ್ಲೇನ್ರಿ?" ಅಂದಳು.

"ಇಲ್ಲ ತಂಗಿ, ಇನ್ನ ಅರ್ಧಾ ರೊಟ್ಟಿ ಉಳದೈತಿ," ಅಂದಳು ಆಯಿ.

ಉಗಾದಿ

ಹಬ್ಬದ ದಿನ ಪಂಜರವನ್ನು ಬಾಜೂ ಮನೆಯಲ್ಲಿಡೋಣ ಎಂದು ಅವ್ವ ಹೇಳಿದರೆ ಆಯಿ ಒಪ್ಪಲಿಲ್ಲ. "ವರ್ಷದ ಮೊದಲ ದಿನ ಮನಿ ಜೀವಾ ಹೊರಗ ಹಾಕ್ತಿಯೇನ?" ಕೊನೆಗೆ ಪಂಜರ ಅಡಿಗೆಮನೆಯಲ್ಲಿ ದೊಡ್ಡ ಬುಟ್ಟಿಯ ಕೆಳಗೆ ಸೇರಿತು. ಸಾಲದ್ದಕ್ಕೆ ಅಪ್ಪ, ಹಬ್ಬದ ರಜೆಯಿದ್ದರೂ, ಪೂಜೆ ಮುಗಿಸಿ ಮಗ್ಗಗಳನ್ನು ಹಚ್ಚಿಬಿಟ್ಟ. ಮಗ್ಗ ನಡೆದರೆ ಗಿಣಿ ಗಪ್ಪು.

ಗಂಡಿನವರು ಬಂದರು. ಗಂಡಿನ ತಾಯಿ ಸಪ್ಪಳ ಕೇಳಿ ಬೆರಗಾದಳು. "ಹಬ್ಬದ ದಿನಾನೂ ದುಡಿತೀರಲ್ರಿ!"

"ಹೂಂನ್ರಿ, ನಮ್ಮನ್ಯಾಗ ಹಂಗ ರೂಢಿ," ಎಂದ ಅಪ್ಪ, ಬಲ್ಬಿನ ಮೇಲಿಂದ ಕಣ್ಣು ಕೀಳದೆ.

ಹುಡುಗ ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಹೆಸರು ಕೇಳಿದರೂ ಅವನ ತಾಯಿಯೇ ಹೇಳಿದಳು. ಅಕ್ಕ ಎಲ್ಲರಿಗೂ ಬೇವು-ಬೆಲ್ಲದ ಪಾನಕ ಕೊಟ್ಟು ತಲೆ ತಗ್ಗಿಸಿ ಕೂತಳು. ಬಾಗಿಲ ಹಿಂದೆ ನಿಂತು ನಾನು, ಕರೆಂಟ್ ಹೋಗದಿರಲಪ್ಪಾ ಎಂದು ಗೊತ್ತಿದ್ದ ದೇವರಿಗೆಲ್ಲ ಕೈ ಮುಗಿದೆ.

ಹೋಯಿತು. ಮಗ್ಗ ನಿಂತವು. ಬುಟ್ಟಿಯ ಕೆಳಗಿಂದ ಎಂದಿಗಿಂತ ಜೋರಾಗಿ ಬಂತು: "ಲಬೋ ಲಬೋ ಲಬೋ!"

ಶುಭಕಾರ್ಯದಲ್ಲಿ ಸಾವಿನ ಕೂಗು. ಅಕ್ಕನ ಕಣ್ಣಲ್ಲಿ ನೀರು ಬಂತು. ಮೂರನೇ ಸಂಬಂಧವೂ ಹೋಯಿತೆಂದು ನನಗೆ ಖಾತ್ರಿಯಾಯಿತು.

ಆದರೆ ನಮ್ಮ ಕಡೆಯ ಗಂಡುಹುಡುಗರಿಗೆ ಹುಟ್ಟಿನಿಂದ ಬಂದ ಚಾಳಿಯೊಂದಿದೆ. ಹೋಳಿಯಲ್ಲಿ ಒಬ್ಬ ಬಾಯಿ ಬಡಿದುಕೊಂಡರೆ ಕೇಳಿದವನು ದನಿಗೂಡಿಸಲೇಬೇಕು. ಅಷ್ಟೊತ್ತು ತುಟಿ ಬಿಚ್ಚದೆ ಕೂತಿದ್ದ ಆ ಹುಡುಗನ ಕೈ ತಾನಾಗಿ ಬಾಯಿಗೆ ಹೋಯಿತು. "ಲಬೋ ಲಬೋ ಲಬೋ!" ಕೂಗಿ ಮುಗಿಸಿದ ಮೇಲೆಯೇ ತಾನು ಎಲ್ಲಿ ಕೂತಿದ್ದೇನೆಂದು ಅವನಿಗೆ ನೆನಪಾದದ್ದು. ಗಿಣಿಗೆ ಜೊತೆ ಸಿಕ್ಕಿತು, ಮತ್ತೊಮ್ಮೆ ಕೂಗಿತು. "ಯಾರೂ ಸತ್ತಿಲ್ರಿ, ಅದು ನಮ್ಮ ಗಿಣಿ!" ಎಂದಳು ಅವ್ವ. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡರೂ ನಗು ತಡೆಯಲಾಗದೆ ಕಣ್ಣೀರಿನಲ್ಲೇ ನಕ್ಕುಬಿಟ್ಟಳು. ಅವಳನ್ನು ನೋಡಿ ಅವನೂ ನಕ್ಕ.

ಅವನ ತಾಯಿ ಇಬ್ಬರನ್ನೂ ನೋಡಿದಳು. "ಮುಂಜಾನಿಂದ ಇವನ ಬಾಯಾಗಿಂದ ಒಂದ ಮಾತು ಹೊಂಟಿದ್ದಿಲ್ರಿ. ನಮಗ ಹುಡುಗಿ ಪಸಂದ ಅದಾಳ. ಆ ಗಿಣಿನೂ ಆಕಿ ಜೋಡಿ ಕಳಸಿಬಿಡ್ರಿ."

ಅಪ್ಪ ಸಂತೋಷದಿಂದ ಪಂಜರ ತರಲು ಎದ್ದ. ಮೂಲೆಯಲ್ಲಿ ಕೂತಿದ್ದ ಆಯಿ ಹೇಳಿದಳು:

"ಗಿಣಿ ಯಾಕಬೇ ಯವ್ವಾ? ನಿಮ್ಮನ್ಯಾಗ ಆಗಲೇ ಒಂದೈತಲ್ಲ!"