ಬಂದೂಕಿಗೆ ಓಂಕಾಳು

ನನಗೆ 'ಗೊತ್ತಿಲ್ಲ' ಎಂದು ಹೇಳಲು ಬರುವುದಿಲ್ಲ. ನಾಲಿಗೆಗೆ ಏನೂ ಆಗಿಲ್ಲ, ಹುಟ್ಟುಗುಣವೇ ಹಾಗೆ. ಮೈಸೂರಿನಲ್ಲಿದ್ದಾಗ ಯಾರಾದರೂ ದಾರಿ ಕೇಳಿದರೆ, ಆ ಬೀದಿಯ ಹೆಸರನ್ನೇ ನಾನು ಕೇಳಿರದಿದ್ದರೂ, "ನೇರ ಹೋಗಿ, ಎಡಕ್ಕೆ ತಿರುಗಿ, ಅಲ್ಲಿ ಯಾರನ್ನಾದ್ರೂ ಕೇಳಿ" ಎಂದು ಧಾರಾಳವಾಗಿ ಕಳಿಸಿಬಿಡುತ್ತಿದ್ದೆ. ಹಾಗೆ ಹೋದವರಲ್ಲಿ ಎಷ್ಟು ಜನ ಮನೆ ಸೇರಿದರೋ ದೇವರೇ ಬಲ್ಲ. ಈ ದುರ್ಗುಣಕ್ಕೂ ಸಂಬಳ ಕೊಟ್ಟು ಸಾಕುವವರಿದ್ದಾರೆ ಎಂದು ತಿಳಿದದ್ದು ಡಾಟ್‌ಕಾಮ್ ಕಾಲದಲ್ಲಿ, ಸ್ಯಾನ್ ಹೊಸೆಗೆ ಬಂದ ಮೇಲೆ.

ಆಗ ನಾಯಿಗೆ ಸ್ವೆಟರ್ ಮಾರಲು ಒಂದು ಕಂಪನಿ, ಸ್ವೆಟರ್ ಒಗೆಯಲು ಇನ್ನೊಂದು ಕಂಪನಿ ಎಂಬಂತಿತ್ತು. ನಮ್ಮ ಕಂಪನಿಯ ದಂಧೆ ಉತ್ತರ ಹೇಳುವುದು. ಜನ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಕೇಳಬಹುದು, ನಮ್ಮ 'ತಜ್ಞರು' ಉತ್ತರ ಬರೆಯುತ್ತಾರೆ. ನಾನು ಎಂ.ಟೆಕ್.ನಲ್ಲಿ ಗ್ಯಾಸಿನ ಒತ್ತಡ ತಗ್ಗಿಸುವ ವಾಲ್ವಿನ ಮೇಲೆ ಎರಡು ವರ್ಷ ಬೆವರು ಸುರಿಸಿದ್ದೆ. ಮ್ಯಾನೇಜರ್ ಗ್ರೆಗ್ ನನ್ನ ರೆಸ್ಯುಮೆಯ ಮೊದಲ ಸಾಲಿನಲ್ಲಿ ಒಂದೇ ಪದ ಓದಿ, ನನ್ನ ಮೇಜಿನ ಮೇಲೆ 'ಗ್ಯಾಸ್' ಎಂದು ಬೋರ್ಡು ನಿಲ್ಲಿಸಿದ. ಮನೆಯಲ್ಲಿ ಹೇಳಿದರೆ ಹೆಂಡತಿ ಸುಮಾ, "ನಿಮ್ಮ ಮಾತೆಲ್ಲಾ ಬರೀ ಗ್ಯಾಸು ಅಂತ ನಮ್ಮಣ್ಣ ಮದುವೆಗೆ ಮುಂಚೆನೇ ಹೇಳಿದ್ದ" ಎಂದಳು. ಅಂದಿನಿಂದ ಒಲೆಯ ಗ್ಯಾಸು, ಕಾರಿನ ಗ್ಯಾಸು ಎಂದರೆ ಇಲ್ಲಿನ ಪೆಟ್ರೋಲು, ಹೊಟ್ಟೆಯ ಗ್ಯಾಸು, ಎಲ್ಲವೂ ನನ್ನ ತಲೆಗೇ ಬಂದವು. ಅದರಲ್ಲೂ ಹೊಟ್ಟೆಯದೇ ಹೆಚ್ಚು. ಈ ದೇಶದ ಜನ ಏನು ತಿನ್ನುತ್ತಾರೋ, ಪಾಪ.

ಉತ್ತರ ಓದಿದ ಗಿರಾಕಿ ಒಂದರಿಂದ ಐದು ಚುಕ್ಕಿ ಕೊಡುತ್ತಿದ್ದ. ಚುಕ್ಕಿ ಕಡಿಮೆಯಾದವರು ಶುಕ್ರವಾರ ಸಂಜೆ ತಮ್ಮ ಕಾಫಿ ಮಗ್ಗನ್ನೂ ಫೋಟೋಗಳನ್ನೂ ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ಹೊರಡಬೇಕು. ಅಮೆರಿಕನ್ನರಾದರೆ ಆ ಡಬ್ಬ ಹಿಡಿದು ಎದುರಿನ ಕಟ್ಟಡಕ್ಕೆ ಹೋಗಿ ಇನ್ನೊಂದು ಕೆಲಸ ಹಿಡಿಯುತ್ತಿದ್ದರು. ನನ್ನ ಕಥೆ ಹಾಗಲ್ಲ. ಕೆಲಸ ಹೋದರೆ ವೀಸಾ ಹೋಯಿತು, ನನ್ನ ವೀಸಾ ಹೋದರೆ ಸುಮಾಳದೂ ಹೋಯಿತು. ಅವಳೋ ಬರ್ಕ್ಲಿಯಲ್ಲಿ ಎರಡು ವರ್ಷದ ಓದನ್ನು ಅರ್ಧ ಮುಗಿಸಿದ್ದಳು. ನಮ್ಮ ಮನೆಯಿದ್ದ ಬೆರ್ರಿಯೆಸಾದಿಂದ ಬೆಳಗಾಗೆದ್ದು ಅಷ್ಟು ದೂರ ಹೋಗಿ ಬಂದು, ಸಾರು ಕುದಿಯುವಾಗಲೂ ಪುಸ್ತಕ ಹಿಡಿದು ನಿಲ್ಲುವವಳು. ಅವಳ ಓದು ನನ್ನ ಚುಕ್ಕಿಗಳ ಮೇಲೆ ನಿಂತಿತ್ತು.

ಹೀಗಿರುವಾಗ ಒಂದು ಸೋಮವಾರ ಆ ಪ್ರಶ್ನೆ ಬಂತು. ನಮ್ಮ ಕಂಪ್ಯೂಟರು ಪ್ರಶ್ನೆಯ ಮೊದಲ ಸಾಲನ್ನಷ್ಟೇ, ಅದನ್ನೂ ಅರ್ಧಕ್ಕೆ ಕತ್ತರಿಸಿ ತೋರಿಸುತ್ತಿತ್ತು. ಪೂರ್ತಿ ಓದಬೇಕಾದರೆ ಇನ್ನೊಂದು ಸಲ ಒತ್ತಬೇಕು. ನಾನು ಒತ್ತಲಿಲ್ಲ. ಕಂಡದ್ದು ಇಷ್ಟು: ತಡೆದರೆ ಗ್ಯಾಸು ವಾಪಸ್ ಹೊಡೆಯುತ್ತದೆ, ಕಡಿಮೆ ಮಾಡುವುದು ಹೇಗೆ, ತುಂಬಾ 'ಓಲ್ಡ್'... ಅಲ್ಲಿಗೆ ಸಾಲು ಮುಗಿದಿತ್ತು. ಇಂಗ್ಲಿಷಿನಲ್ಲಿ ವಯಸ್ಸಾದವರಿಗೂ ಹಳೇ ಸಾಮಾನಿಗೂ ಒಂದೇ ಮಾತು, ಅದೇ ನನ್ನ ಗ್ರಹಚಾರ. ನಾನು ಮುದುಕರೆಂದುಕೊಂಡೆ. ನಾಲ್ಕು ಜನರೆದುರು ಮರ್ಯಾದೆಗೆ ಅಂಜಿ ತಡೆದುಕೊಂಡು ಕೂತ ಒಬ್ಬ ಅಜ್ಜನ ಮುಖ ಕಣ್ಣ ಮುಂದೆ ಬಂತು, ಕರುಳು ಚುರುಕ್ಕೆಂದಿತು. ಕೂಡಲೇ ಬರೆದೆ: ಈ ವಯಸ್ಸಿನಲ್ಲಿ ದಯವಿಟ್ಟು ತಡೆದುಕೊಳ್ಳಲು ಬಿಡಬೇಡಿ. ಓಂಕಾಳು ಹುರಿದು ಪುಡಿ ಮಾಡಿ, ಚಿಟಿಕೆ ಉಪ್ಪಿನೊಂದಿಗೆ ಬಿಸಿ ನೀರಿನಲ್ಲಿ ಹಾಕಿ ಕೊಡಿ. ಆಮೇಲೆ ಎಡಮಗ್ಗುಲಾಗಿ ಸ್ವಲ್ಪ ಹೊತ್ತು ಮಲಗಿಸಿ.

ಮರುದಿನ ಉತ್ತರ ಬಂತು. "ಸ್ವಾಮಿ, ನಾನು ಕೇಳಿದ್ದು ನನ್ನ ಹಳೆಯ ಸೆಮಿ-ಆಟೋಮ್ಯಾಟಿಕ್ ರೈಫಲ್ಲಿನ ವಿಷಯ. ನೆವಾಡದಲ್ಲಿ ಕಾಗದಪತ್ರ ಸರಿಯಾಗಿ ಮಾಡಿಸಿಯೇ ಅದಕ್ಕೆ ಸದ್ದು ತಡೆಯುವ ಸೈಲೆನ್ಸರು ಹಾಕಿಸಿದ್ದೇನೆ. ಈಗ ಗುಂಡು ಹಾರಿಸಿದರೆ ಗ್ಯಾಸು ಹಿಂದಕ್ಕೆ ಬಂದು ನನ್ನ ಕಣ್ಣಿಗೇ ಹೊಡೆಯುತ್ತದೆ. ತಾವು ಹೇಳಿದ ಓಂಕಾಳನ್ನು ನಳಿಗೆಯೊಳಗೆ ಹಾಕಬೇಕೋ, ಗುಂಡಿನ ಜೊತೆಗೋ? ಎಡಮಗ್ಗುಲಾಗಿ ಮಲಗಬೇಕಾದ್ದು ನಾನೋ, ಬಂದೂಕೋ?" ಕೆಳಗೆ ಒಂದೇ ಒಂದು ಚುಕ್ಕಿ.

ಗ್ರೆಗ್ ಕರೆದ. ನಗುತ್ತಲೇ ಮಾತಾಡಿದ. ಇಲ್ಲಿನವರು ನಗುತ್ತ ಮಾತಾಡಿದರೆ ನಮ್ಮ ಕತ್ತು ಹೋಯಿತೆಂದೇ ಲೆಕ್ಕ. "ಶುಕ್ರವಾರದೊಳಗೆ ಆ ಮನುಷ್ಯ ಐದು ಚುಕ್ಕಿ ಕೊಡಬೇಕು. ಇಲ್ಲದಿದ್ದರೆ ನಾವೆಲ್ಲ ನಿನ್ನನ್ನು ತುಂಬಾ ಮಿಸ್ ಮಾಡಿಕೊಳ್ಳುತ್ತೇವೆ" ಎಂದ. ನಿನ್ನ ಕಂಪ್ಯೂಟರಿಗೆ ಒಂದು ಸಾಲು ನೆಟ್ಟಗೆ ತೋರಿಸುವ ಯೋಗ್ಯತೆಯಿಲ್ಲವಲ್ಲೋ ಎಂದು ಬಾಯಿಗೆ ಬಂತು. ವೀಸಾ ನೆನಪಾಗಿ ನುಂಗಿಕೊಂಡೆ.

ನಾನು ಹತ್ತಿರದಿಂದ ನೋಡಿದ್ದ ಬಂದೂಕು ದೀಪಾವಳಿಯ ರೀಲು ಪಿಸ್ತೂಲು ಮಾತ್ರ. ಪಕ್ಕದ ಮೇಜಿನ ಕಾವೇರಪ್ಪ ಕೊಡಗಿನವನು, ಮನೆಯಲ್ಲಿ ಕೋವಿಗೆ ಪೂಜೆ ಮಾಡುವವನು, ಅವನ ಕಾಲು ಹಿಡಿದೆ. "ನಮ್ಮನೇಲಿ ಇದ್ದಿದ್ದು ತಾತನ ಕೋವಿ ಮಾರಾಯ. ಒಂದ್ಸಲ ಢಂ ಅಂದ್ರೆ ಮತ್ತೆ ನಾವೇ ತುಂಬಬೇಕು" ಎಂದ. "ಇದು ತಾನೇ ತುಂಬ್ಕೊಳ್ಳೋ ಜಾತಿ. ಗುಂಡು ತಳ್ಳೋ ಗ್ಯಾಸಲ್ಲೇ ಸ್ವಲ್ಪ ಹಿಂದಕ್ಕೆ ತಗೊಂಡು ಮುಂದಿನ ಗುಂಡು ಏರಿಸ್ಕೊಳ್ಳತ್ತೆ."

"ಸೈಲೆನ್ಸರು ಹಾಕಿದ್ರೆ ಅದ್ಯಾಕೆ ಮುಖಕ್ಕೆ ಬರತ್ತೆ?"

"ಅದು ನಂಗೊತ್ತಿಲ್ಲ" ಎಂದು ಹೇಳಿ ಅವನು ಆರಾಮವಾಗಿ ಊಟಕ್ಕೆ ಹೋದ. ಎಷ್ಟು ಸಲೀಸಾಗಿ ಹೇಳಿಬಿಟ್ಟ ನೋಡಿ! ನನಗೆ ಹೊಟ್ಟೆ ಉರಿದುಹೋಯಿತು.

ಬುಧವಾರವೂ ಕಳೆಯಿತು. ಸುಮಾಳಿಗೆ ವಿಷಯ ಹೇಳಿದ್ದೆ. ಅವಳು ಬೈಯಲಿಲ್ಲ, ಲಿವರ್‌ಮೋರ್ ದೇವಸ್ಥಾನಕ್ಕೆ ಹರಕೆ ಹೊತ್ತಳು. ಬೈದಿದ್ದರೇ ವಾಸಿಯಿತ್ತು. ಗುರುವಾರ ಬೆಳಿಗ್ಗೆ ಅವಳು ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದಳು. ಕೆಳಗಿನ ಮನೆಯ ಹೆಂಗಸು, "ನಿಮ್ಮ ಅಡುಗೆಮನೆಯಲ್ಲಿ ದಿನಾ ರೈಲು ಬರುತ್ತದೆ" ಎಂದು ಮ್ಯಾನೇಜ್‌ಮೆಂಟಿಗೆ ದೂರು ಕೊಟ್ಟಿದ್ದರಿಂದ, ಕೂಗು ಕೇಳದಿರಲೆಂದು ವಿಷಲಿನ ಮೇಲೆ ಒದ್ದೆ ಬಟ್ಟೆ ಸುತ್ತಿದ್ದಳು. ನಾನು ಕಾಫಿಗೆಂದು ಒಲೆಯ ಹತ್ತಿರ ಹೋದೆನೋ ಇಲ್ಲವೋ, ಮುಚ್ಚಳದ ಸಂದಿನಿಂದ ಬುಸ್ಸೆಂದು ಆವಿಯೂ ಬೇಳೆಯೂ ನನ್ನ ಮುಖಕ್ಕೇ ರಾಚಿದವು. ಕನ್ನಡಕವೆಲ್ಲ ಹಳದಿ.

"ಅಯ್ಯೋ! ಸುಡ್ತೇನ್ರೀ?" ಸುಮಾ ಓಡಿಬಂದು ಒಲೆ ಆರಿಸಿದಳು. "ಬಾಯಿ ಮುಚ್ಚಿದ್ಮೇಲೆ ಎಲ್ಲಿಂದಾದ್ರೂ ಬರಲೇಬೇಕಲ್ಲ. ಉರಿ ಸಣ್ಣ ಮಾಡ್ಬೇಕಿತ್ತು, ಓದ್ತಾ ಮರ್ತೇಬಿಟ್ಟೆ."

ನಾನು ಮುಖದ ತುಂಬ ಬೇಳೆ ಇಟ್ಟುಕೊಂಡೇ ಕುಣಿದೆ. ಬಂದೂಕಿನ ಕಥೆಯೂ ಇದೇ! ಆಫೀಸಿಗೆ ಹೋದವನೇ ಮೂರು ಪುಟ ಬರೆದೆ. ಸೈಲೆನ್ಸರಿನಿಂದ ನಳಿಗೆಯೊಳಗೆ ಒತ್ತಡ ಹೆಚ್ಚು ಹೊತ್ತು ನಿಲ್ಲುತ್ತದೆ, ಅದು ಹಿಂದಿನ ಯಂತ್ರವನ್ನು ಬೇಗ, ಜೋರಾಗಿ ತಳ್ಳುತ್ತದೆ, ಖಾಲಿ ತೋಟೆ ಹೊರಬೀಳುವ ಬಾಗಿಲು ತೆರೆದಾಗ ಉಳಿದ ಗ್ಯಾಸು ನಿಮ್ಮ ಮುಖಕ್ಕೆ ಬರುತ್ತದೆ. ಹಳೆಯ ರೈಫಲ್ಲು ಮಾಡಿದವರು ಸೈಲೆನ್ಸರಿನ ಯೋಚನೆಯನ್ನೇ ಮಾಡಿರಲಿಲ್ಲ, ಉರಿ ಸಣ್ಣ ಮಾಡಲು ಅದರಲ್ಲಿ ತಿರುಗಣೆಯೇ ಇಲ್ಲ. ಲೈಸೆನ್ಸಿರುವ ಬಂದೂಕು ರಿಪೇರಿಯವರ ಹತ್ತಿರ, ಒಳಹೋಗುವ ಗ್ಯಾಸನ್ನು ತಗ್ಗಿಸುವ ವಾಲ್ವು ಹಾಕಿಸಿ, ಅಲ್ಲಿಯವರೆಗೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ವಾಲ್ವು! ನನ್ನ ಎಂ.ಟೆಕ್. ವಾಲ್ವು! ಅದರ ಚಿತ್ರ ಬರೆಯುವಾಗ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಿದ್ದದ್ದನ್ನೇ ಹೇಳಿದ್ದೆ.

ಶುಕ್ರವಾರ ಐದು ಚುಕ್ಕಿ ಬಂತು. ಕಾವೇರಪ್ಪ ನನ್ನ ಬೆನ್ನಿಗೆ ಗುದ್ದಿದ, ಗ್ರೆಗ್ ನಗದೆ ಕೈ ಕುಲುಕಿದ. ಆಮೇಲೆ ಕೆಳಗೆ ಬರೆದಿದ್ದನ್ನು ಓದಿದೆ. "ತಾವು ಕಳಿಸಿದ ಮೂರು ಪುಟ ನನಗೆ ಅರ್ಥವಾಗಲಿಲ್ಲ, ಅರ್ಧದಲ್ಲೇ ನಿದ್ದೆ ಬಂತು. ಬಂದೂಕನ್ನು ಸೋದರಳಿಯನಿಗೆ ಕೊಟ್ಟುಬಿಟ್ಟೆ. ಆದರೆ ಓಂಕಾಳಿನ ಕುತೂಹಲ ತಡೆಯಲಾಗಲಿಲ್ಲ. ಇಂಡಿಯನ್ ಗ್ರೋಸರಿಯಲ್ಲಿ ಹುಡುಕಿ ತಂದು ನಾನೇ ಕುಡಿದು ಎಡಮಗ್ಗುಲಾಗಿ ಮಲಗಿದೆ. ಎಷ್ಟೋ ವರ್ಷದ ತೊಂದರೆ ಮಾಯ, ಸ್ವಾಮಿ! ನನ್ನ ಹೆಂಡತಿಯೂ ವಂದನೆ ತಿಳಿಸಿದ್ದಾಳೆ."

ಕೆಲಸ ಉಳಿಯಿತು. ಸೋಮವಾರ ಗ್ರೆಗ್ 'ಗ್ಯಾಸ್' ಬೋರ್ಡು ತೆಗೆದು 'ಅಜ್ಜಿಯ ಮನೆಮದ್ದು' ಎಂಬ ಬೋರ್ಡು ಇಟ್ಟ. ನನ್ನ ತಲೆಗೆ ಎಂಥದೋ ರುಮಾಲು ಸುತ್ತಿಸಿ, ಕೈ ಮುಗಿಸಿ, ಫೋಟೋ ತೆಗೆಸಿ ವೆಬ್‌ಸೈಟಿಗೆ ಹಾಕಿದ. ಅದನ್ನೂ ನುಂಗಿಕೊಂಡೆ. ಕಂಪನಿ ಮುಚ್ಚುವವರೆಗೂ ನಾನು ದೇಶಕ್ಕೆಲ್ಲ ಓಂಕಾಳು ಹಂಚಿದೆ. ಪುಣ್ಯಕ್ಕೆ ಅಷ್ಟರಲ್ಲಿ ಸುಮಾಳ ಓದು ಮುಗಿದು ಅವಳಿಗೆ ಒಳ್ಳೆಯ ಕೆಲಸವೂ ಸಿಕ್ಕಿತ್ತು. ವೀಸಾ ಈಗ ಅವಳದು, ಅದಕ್ಕೆ ನೇತುಬಿದ್ದಿರುವವನು ನಾನು.

ಇಷ್ಟು ವರ್ಷ ನುಂಗಿಕೊಂಡದ್ದು ಎಲ್ಲಿಗೆ ಹೋಗಬೇಕು ಹೇಳಿ? ಈಗ ನನ್ನ ಹೊಟ್ಟೆಯೇ ಕುಕ್ಕರಾಗಿದೆ. ಮೊನ್ನೆ ಸಹಿಸಲಾರದೆ ಸೋಫಾದ ಮೇಲೆ ಮುದುಡಿಕೊಂಡಿದ್ದಾಗ ಸುಮಾ ಒಂದು ಲೋಟ ಹಿಡಿದು ಬಂದಳು. ವಾಸನೆಯಲ್ಲೇ ಗೊತ್ತಾಯಿತು. ನಾನು ಮುಖ ತಿರುಗಿಸಿದೆ.

"ಕುಡೀರಿ, ಇಡೀ ಅಮೆರಿಕಕ್ಕೆ ಕುಡಿಸಿದ್ದೀರಾ" ಎಂದಳು. ಆಮೇಲೆ ಏನೋ ಅನುಮಾನ ಬಂದು, "ಅಲ್ಲಾರೀ, ಇದನ್ನ ಕುಡಿದ್ರೆ ನಿಜವಾಗ್ಲೂ ಗುಣ ಆಗತ್ತಾ?" ಎಂದು ಕೇಳಿದಳು.

ಓಂಕಾಳಿನ ಖಾರಕ್ಕೆ ಹೆದರಿ ಚಿಕ್ಕಂದಿನಲ್ಲಿ ಅಜ್ಜಿ ಕೊಟ್ಟದ್ದನ್ನೆಲ್ಲ ತುಳಸಿಕಟ್ಟೆಗೆ ಚೆಲ್ಲಿದವನು ನಾನು. ಇವತ್ತಿನವರೆಗೆ ಒಂದು ಗುಟುಕೂ ಕುಡಿದಿಲ್ಲ.

"ಗೊತ್ತಿಲ್ಲ ಕಣೇ" ಎಂದೆ.